ದೋಸೆ ಕಾವಲಿ ಮಾಡ್: ಜೋಡಿಸುವ, ಬಳಸುವ ಮತ್ತು ಪರಿತಪಿಸುವ ವಿಧಾನ

ಅಭಿನಂದನೆಗಳು. ತಾವು ದೋಸೆ ಕಾವಲಿ ಮಾಡ್‌ನ ಎರಡನೇ ಆವೃತ್ತಿಯನ್ನು ಇಳಿಸಿಕೊಂಡಿದ್ದೀರಿ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಮಿಕ್ಸಿಯ ಜೊತೆ ಬಂದ ಕೈಪಿಡಿಯನ್ನು ತಾವು ಏನು ಮಾಡಿದಿರಿ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಅದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಅಟ್ಟದ ಮೇಲಿದೆ. ಆದರೂ ಬರೆಯುವುದು ತಯಾರಕರ ಕರ್ಮ.

ತಯಾರಕರು ಎಂದರೆ ನಾನೊಬ್ಬನೇ. 'ನಾವು' ಎಂದು ಬರೆದರೆ ಕಂಪನಿಯ ಕಳೆ ಬರುತ್ತದೆ ಎಂದು ಹಾಗೆ ಬರೆಯುತ್ತಿದ್ದೇನೆ. ಮುಂದೆ ತಪ್ಪುಗಳ ಪಟ್ಟಿ ಶುರುವಾದಾಗ ತಾನಾಗಿ 'ನಾನು' ಆಗುತ್ತದೆ.

ಉತ್ಪನ್ನದ ಹಿನ್ನೆಲೆ

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಹೊರಬಿಟ್ಟ ಮೈನ್‌ಕ್ರಾಫ್ಟನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆ ಆಟದಲ್ಲಿ ಬ್ರೆಡ್ ಇದೆ, ಕೇಕ್ ಇದೆ, ಬೀಟ್‌ರೂಟ್ ಸೂಪ್ ಕೂಡ ಇದೆ. ದೋಸೆ ಇಲ್ಲ. ಅಷ್ಟು ದುಡ್ಡು ಕೊಟ್ಟವರು ಇದನ್ನು ಗಮನಿಸಬೇಕಿತ್ತು. ಅಕ್ಕನ ಮಗ ಬೇಸಿಗೆ ರಜೆಯಲ್ಲಿ ಗಮನಿಸಿದ.

"ಮಾಮ, ನೀನು ಕಂಪ್ಯೂಟರ್ ಕೆಲಸದಲ್ಲೇ ಇರೋದು ತಾನೆ? ಒಂದು ದೋಸೆ ಹಾಕಿಕೊಡೋಕೆ ಆಗಲ್ವಾ?"

ಮಾಡ್ ಎಂದರೆ ಇದೇ. ಆಟ ಬರೆದವರು ಮಾಡದೆ ಬಿಟ್ಟದ್ದನ್ನು ಆಡುವವರು ತಾವೇ ಮಾಡಿಕೊಳ್ಳುವುದು. ಒಂದು ಕಪ್ಪು ಘನ, ಅದರ ಮೇಲೆ ಹಿಟ್ಟು ಹುಯ್ಯುವುದು, ಉರಿ ಏರಿಸಿ ಇಳಿಸಲು ಒಂದು ಜಾರುಪಟ್ಟಿ, ಕಾವಲಿಗೊಂದು ಹೆಸರಿನ ಫಲಕ. ಕಾವಲಿಯ ಚಿತ್ರ ಬರೆಯಲು ಒಂದು ಸಂಜೆ ಹಿಡಿಯಿತು. 'ಇಲ್ಲಿ ಹಿಟ್ಟು ಹುಯ್ದರು' ಎಂಬ ಸುದ್ದಿಯನ್ನು ಆ ಕಡೆಗೆ ತಲುಪಿಸಲು ಉಳಿದ ರಜೆಯೆಲ್ಲ ಹಿಡಿಯಿತು. ಈ ಕೈಪಿಡಿ ಇರುವುದು ಆ ಎರಡನೆಯ ಕೆಲಸದ ಬಗ್ಗೆ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಜಾರ್ ಕಡತ, ಫೋರ್ಜ್ (ಆಟಕ್ಕೆ ಮಾಡ್ ಜೋಡಿಸುವ ಸಾಧನ) 1.20.1ಕ್ಕೆ ತಕ್ಕುದು. ಇದೇ ಕಡತದ ಒಂದೊಂದು ಪ್ರತಿಯನ್ನು ಆಡುವ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇಡಬೇಕು, ಸರ್ವರಿನಲ್ಲೂ ಇಡಬೇಕು.

ನಮ್ಮಲ್ಲಿ ಸರ್ವರ್ ಎಂಬ ಮಾತಿಗೆ ಈಗಾಗಲೇ ಎರಡು ಅರ್ಥಗಳಿವೆ: ಹೋಟೆಲಿನಲ್ಲಿ ತಟ್ಟೆ ತರುವವರು, ಕಚೇರಿಯಲ್ಲಿ ಡೌನ್ ಆಗಿರುವುದು. ಇಲ್ಲಿ ಮೂರನೆಯದು. ನಮ್ಮ ಸರ್ವರ್ ಅಕ್ಕನ ಮನೆಯ ಮಂಚದ ಕೆಳಗಿರುವ, ಮುಚ್ಚಳದ ಕೀಲು ಮುರಿದ ಹಳೆಯ ಲ್ಯಾಪ್‌ಟಾಪ್. ಬಾಗಿಲ ಸಂಖ್ಯೆ 25565, ಮೈನ್‌ಕ್ರಾಫ್ಟಿನ ವಾಡಿಕೆಯ ಪೋರ್ಟ್. ಎಂಟು ಮಕ್ಕಳು ಎಂಟು ಮನೆಗಳಿಂದ ಈ ಬಾಗಿಲು ತಟ್ಟುತ್ತಾರೆ. ಅವರ ಕಂಪ್ಯೂಟರುಗಳಲ್ಲಿ ಓಡುವ ಆಟವೇ ಕ್ಲೈಂಟ್.

ಗ್ರಾಹಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ದೋಸೆ ಇರುವುದು ಮಂಚದ ಕೆಳಗೆ ಮಾತ್ರ. ಮಕ್ಕಳ ತೆರೆಯ ಮೇಲೆ ಕಾಣುವುದು ದೋಸೆಯ ಸುದ್ದಿ. ಸರ್ವರ್ ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೊಮ್ಮೆ, ಪ್ರಪಂಚವನ್ನು ಒಂದು ಹೆಜ್ಜೆ ಮುಂದೂಡುತ್ತದೆ. ಬದಲಾದದ್ದನ್ನು ಕ್ಲೈಂಟುಗಳಿಗೆ ಹೇಳಿ ಕಳಿಸುತ್ತದೆ. ಹೇಳಿ ಕಳಿಸದೇ ಇದ್ದದ್ದು ಕ್ಲೈಂಟಿನ ಪಾಲಿಗೆ ನಡೆದೇ ಇಲ್ಲ.

ಇಷ್ಟು ಗೊತ್ತಿದ್ದೂ ಮೊದಲ ಆವೃತ್ತಿಯಲ್ಲಿ ನಾನು ಉರಿಯ ಮಟ್ಟವನ್ನು ಒಂದು ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ, ಅಂದರೆ ಓಡುವ ಇಡೀ ಪ್ರೋಗ್ರಾಮಿಗೆ ಒಂದೇ ಇರುವ ಡಬ್ಬಿಯಲ್ಲಿ, ಇಟ್ಟೆ. ಜಾರುಪಟ್ಟಿ ಎಳೆದರೆ ಅದರ ಬೆಲೆ ಬದಲಾಗುತ್ತಿತ್ತು, ಕಾವಲಿ ಅದನ್ನು ಓದಿ ದೋಸೆ ಬೇಯಿಸುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಒಬ್ಬನೇ ಆಡಿ ನೋಡಿದೆ. ಗರಿಗರಿ ದೋಸೆ. ಸಂತೋಷದಿಂದ ಮಕ್ಕಳಿಗೆ ಹಂಚಿದೆ. ಅರ್ಧ ಗಂಟೆಯಲ್ಲಿ ಫೋನು.

"ಮಾಮ, ಉರಿ ಎಷ್ಟು ಜೋರು ಮಾಡಿದ್ರೂ ಹಿಟ್ಟು ಹಂಗೇ ಇದೆ. ನಂಗೆ ಜೋರು ಉರಿ ಕಾಣ್ತಿದೆ, ಅವನಿಗೆ ಸಣ್ಣ ಉರಿಯಂತೆ."

ಆದದ್ದಿಷ್ಟು. 2012ರ ಆಗಸ್ಟ್ 1ರಂದು ಬಂದ 1.3.1ರಿಂದ ಈಚೆಗೆ ಮೈನ್‌ಕ್ರಾಫ್ಟಿನಲ್ಲಿ ಒಬ್ಬರೇ ಆಡುವಾಗಲೂ ಒಳಗೊಳಗೇ ಒಂದು ಸರ್ವರ್ ಓಡುತ್ತಿರುತ್ತದೆ. ಕ್ಲೈಂಟೂ ಸರ್ವರೂ ಒಂದೇ ಜಾವಾ ಪ್ರಕ್ರಿಯೆಯಲ್ಲಿ, ಒಂದೇ ಸೂರಿನಡಿ. ನನ್ನ ಸ್ಟ್ಯಾಟಿಕ್ ವೇರಿಯಬಲ್ಲು ಅವರಿಬ್ಬರ ನಡುವಿನ ಗೋಡೆಯ ಕಿಂಡಿಯಾಗಿತ್ತು. ಚೀಟಿ ಕಳಿಸದೆಯೇ ಸುದ್ದಿ ದಾಟುತ್ತಿತ್ತು. ಸರ್ವರ್ ಮಂಚದ ಕೆಳಗೆ ಹೋದ ಮೇಲೆ ಕಿಂಡಿ ಎಲ್ಲಿಂದ ಬರಬೇಕು? ಎಂಟು ಮಕ್ಕಳ ಬಳಿ ಎಂಟು ವೇರಿಯಬಲ್ಲು, ಎಂಟು ಬಗೆಯ ಉರಿ. ಮಂಚದ ಕೆಳಗಿನ ಒಂಬತ್ತನೆಯದು ಮಾತ್ರ ಹುಟ್ಟಿದಾಗಿನಿಂದ ಸೊನ್ನೆ.

ಒಂಟಿಯಾಗಿ ಆಡಿ ನೋಡಿ 'ಕೆಲಸ ಮಾಡುತ್ತದೆ' ಎನ್ನುವುದು ಬಚ್ಚಲಲ್ಲಿ ಹಾಡಿ ನೋಡಿ ಕಛೇರಿ ಒಪ್ಪಿಕೊಂಡಂತೆ. ಆದ್ದರಿಂದ ಮಾಡ್ ಬರೆಯುವವರು ಮೊದಲ ದಿನದಿಂದಲೇ ಬೇರೆ ಸರ್ವರ್ ಎಬ್ಬಿಸಿ ಪರೀಕ್ಷಿಸತಕ್ಕದ್ದು. ಆಗ ಇನ್ನೊಂದು ಲಾಭವೂ ಉಂಟು. ತೆರೆ, ಕಿಟಕಿ, ಗುಂಡಿಗಳಿಗೆ ಸಂಬಂಧಿಸಿದ ಕ್ಲೈಂಟಿನ ಕ್ಲಾಸುಗಳು ಸರ್ವರ್ ಪ್ರತಿಯಲ್ಲಿ ಇರುವುದೇ ಇಲ್ಲ. ಅವುಗಳಲ್ಲಿ ಯಾವುದನ್ನಾದರೂ ತಾವು ಮರೆತು ಕರೆದಿದ್ದರೆ ಸರ್ವರ್ ಏಳುತ್ತಲೇ ಮಕಾಡೆ ಬೀಳುತ್ತದೆ. ಮಕ್ಕಳ ಎದುರಿಗೆ ಬೀಳುವುದಕ್ಕಿಂತ ತಮ್ಮೆದುರಿಗೆ ಬೀಳಲಿ.

ಚೀಟಿ ಬರೆಯುವ ಕ್ರಮ

ಕ್ಲೈಂಟಿಗೂ ಸರ್ವರಿಗೂ ನಡುವೆ ಓಡಾಡುವ ಚೀಟಿಗೆ ಪ್ಯಾಕೆಟ್ ಎನ್ನುತ್ತಾರೆ. ಫೋರ್ಜ್‌ನಲ್ಲಿ ತಮ್ಮ ಮಾಡ್‌ಗೆಂದೇ ಒಂದು ಚಾನೆಲ್ ತೆರೆದು, ಪ್ರತಿ ಬಗೆಯ ಚೀಟಿಗೆ ಒಂದು ಸಂಖ್ಯೆ ಕೊಟ್ಟು, ಮೂರು ಕೆಲಸ ಬರೆದುಕೊಡಬೇಕು: ಚೀಟಿ ಬರೆಯುವುದು, ಓದುವುದು, ಓದಿದ್ದಕ್ಕೆ ತಕ್ಕಂತೆ ನಡೆಯುವುದು. ಕ್ಲೈಂಟ್ ಸರ್ವರಿಗೆ ಕಳಿಸುವ ಇಂಥ ಚೀಟಿ 32,767 ಬೈಟ್ ಮೀರಬಾರದು. ಸರ್ವರ್ ಮಾತ್ರ ಕ್ಲೈಂಟಿಗೆ 10,48,576 ಬೈಟ್‌ವರೆಗೆ ಕಳಿಸಬಹುದು. ಕೇಳುವವರು ಚುಟುಕಾಗಿ ಕೇಳಬೇಕು, ಕೊಡುವವರು ಧಾರಾಳವಾಗಿ ಕೊಡಬಹುದು ಎಂಬ ಈ ಏರ್ಪಾಡು ನನಗೆ ಹಿಡಿಸಿತು.

ನನ್ನ ಚೀಟಿಯಲ್ಲಿ ಮೂರೇ ಬಾಬತ್ತು: ಕಾವಲಿ ಇರುವ ಜಾಗ, ಉರಿ, ಹೆಸರು. ಜಾಗಕ್ಕೆ 8 ಬೈಟ್; ಮೂರು ದಿಕ್ಕಿನ ಅಳತೆಯನ್ನು 26, 26 ಮತ್ತು 12 ಬಿಟ್‌ಗಳಾಗಿ ಮಡಚಿ 64ರಲ್ಲಿ ತುರುಕಿರುತ್ತಾರೆ. ಬಾಡಿಗೆ ಮನೆಯ ಅಡುಗೆಕೋಣೆ ಜೋಡಿಸಿದವರಿಗೆ ಈ ಕಲೆ ಅರ್ಥವಾದೀತು.

ನೆನಪಿಡಬೇಕಾದದ್ದು ಇದು: ಚೀಟಿಯಲ್ಲಿ ಬೆಲೆಗಳಿರುತ್ತವೆ, ಬಾಬತ್ತಿನ ಹೆಸರುಗಳಿರುವುದಿಲ್ಲ. ದಿನಸಿ ಅಂಗಡಿಗೆ '5, 1, 50' ಎಂದಷ್ಟೇ ಬರೆದು ಕಳಿಸುವ ಮನೆ ಇದ್ದ ಹಾಗೆ. ಅಕ್ಕಿ 5 ಕೆಜಿ, ಬೇಳೆ 1 ಕೆಜಿ, ಇಂಗು 50 ಗ್ರಾಂ ಎಂಬುದು ಇಬ್ಬರಿಗೂ ಬಾಯಿಪಾಠ. ಮನೆಯವರು ಒಂದು ದಿನ ಇಂಗನ್ನು ಮೊದಲು ಬರೆದರೆ ಅಂಗಡಿಯವನು ತಕರಾರಿಲ್ಲದೆ 50 ಕೆಜಿ ಅಕ್ಕಿ ಆಟೋಗೆ ಹಾಕುತ್ತಾನೆ.

ಒಂದು ರಾತ್ರಿ ನಾನು ಬರೆಯುವ ಕಡೆ ಹೆಸರನ್ನು ಉರಿಗಿಂತ ಮೊದಲಿಗೆ ತಂದೆ. ಓದುವ ಕಡೆ ಬದಲಿಸುವುದನ್ನು ಮರೆತೆ. ಸೋದರಳಿಯ ತನ್ನ ಕಾವಲಿಗೆ ಕನ್ನಡದಲ್ಲಿ 'ಅಜ್ಜಿ ಕೈರುಚಿ' ಎಂದು ಹೆಸರಿಟ್ಟಿದ್ದ. ಕಣ್ಣಿಗೆ ಇದು ಐದಕ್ಷರ. ಯಂತ್ರ ಅ, ಜ, ವಿರಾಮ, ಮತ್ತೆ ಜ, ಗುಡಿಸು ಎಂದು ಬಿಡಿಸಿ, ನಡುವಿನ ಖಾಲಿ ಜಾಗವನ್ನೂ ಸೇರಿಸಿ 12 ಎಣಿಸುತ್ತದೆ. ಕನ್ನಡದ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್, ಖಾಲಿ ಜಾಗಕ್ಕೆ 1, ಒಟ್ಟು 34. ಹೆಸರಿನ ಮುಂದೆ ಅದರ ಉದ್ದವನ್ನು ಬರೆಯುವುದು ಪದ್ಧತಿ. ಸರ್ವರ್ ಆ 34ನ್ನೇ ಉರಿ ಎಂದು ಓದಿಕೊಂಡಿತು. ನನ್ನ ಒಲೆಯ ಗರಿಷ್ಠ ಉರಿ 3.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೈನ್‌ಕ್ರಾಫ್ಟ್ ಅಂಕಿಗಳನ್ನು ವಾರ್‌ಇಂಟ್ ಎಂಬ ಜಿಪುಣ ಪದ್ಧತಿಯಲ್ಲಿ ಬರೆಯುತ್ತದೆ. ಒಂದು ಬೈಟ್‌ನ 8 ಬಿಟ್‌ಗಳಲ್ಲಿ 7 ಅಂಕಿಗೆ; ಎಂಟನೆಯದು 1 ಆಗಿದ್ದರೆ 'ಇನ್ನೂ ಇದೆ' ಎಂದು ಅರ್ಥ. ಕನ್ನಡ ಅಕ್ಷರದ ಮೂರು ಬೈಟ್‌ಗಳಲ್ಲೂ ಆ ಬಿಟ್ 1 ಆಗಿಯೇ ಇರುತ್ತದೆ. ಉರಿ ಓದಿ ಮುಗಿಸಿದ ಸರ್ವರ್ ಹೆಸರಿನ ಉದ್ದ ತಿಳಿಯಲು 'ಅ'ದ ಮೊದಲ ಬೈಟ್‌ಗೆ ಕೈಹಾಕಿತು. ಇನ್ನೂ ಇದೆ. ಎರಡನೆಯದು, ಇನ್ನೂ ಇದೆ. ಮೂರನೆಯದು, 'ಜ'ದ ಮೊದಲನೆಯದು, ಎರಡನೆಯದು. ಐದು ಬೈಟ್ ದಾಟಿದ ಮೇಲೆ ಸರ್ವರಿಗೆ ಸಾಕಾಗಿ 'ವಾರ್‌ಇಂಟ್ ಟೂ ಬಿಗ್' ಎಂದು ಚೀರಿ ಹುಡುಗನನ್ನು ಆಚೆಗೆ ಹಾಕಿತು. ಅಜ್ಜಿಯ ಕೈರುಚಿಯನ್ನು ಅಂಕಿಯಲ್ಲಿ ಹಿಡಿಯಲಾಗದು ಎಂದು ಅಕ್ಕ ಇದಕ್ಕೆ ಭಾಷ್ಯ ಬರೆದಳು. ನಾನು ಎರಡು ಸಾಲು ಮೇಲೆ ಕೆಳಗೆ ಮಾಡಿದೆ.

ಇದೇ ಜಿಪುಣ ಪದ್ಧತಿಯ ಇನ್ನೊಂದು ಚೇಷ್ಟೆ. 127ರವರೆಗಿನ ಅಂಕಿಗೆ ಒಂದೇ ಬೈಟ್ ಎಂದು ಹಿಗ್ಗಿ, ಒಲೆ ಆರಿದ್ದರೆ ಉರಿಯನ್ನು -1 ಎಂದು ಕಳಿಸುತ್ತಿದ್ದೆ. ಋಣ ಸಂಖ್ಯೆಗೆ ವಾರ್‌ಇಂಟ್ ತಪ್ಪದೆ 5 ಬೈಟ್ ತಿನ್ನುತ್ತದೆ. ಮಾಮೂಲಿ ಇಂಟಿಗೆ ಸಾಕಾಗುವುದು 4. ಉರಿಯುವ ಒಲೆಗಿಂತ ಆರಿದ ಒಲೆಗೆ ಐದು ಪಟ್ಟು ಖರ್ಚು.

ಸುರಕ್ಷತಾ ಎಚ್ಚರಿಕೆ (ಇದನ್ನಾದರೂ ಓದಿ)

ಮೊದಲ ಆವೃತ್ತಿಯಲ್ಲಿ ದೋಸೆ ಬೆಂದ ಮೇಲೆ ಕ್ಲೈಂಟ್ ಒಂದು ಚೀಟಿ ಕಳಿಸುತ್ತಿತ್ತು: 'ದೋಸೆ ಆಯಿತು. ಎಷ್ಟು: 1.' ಸರ್ವರ್ ಅದನ್ನು ನಂಬಿ ಹಿಟ್ಟಿನಿಂದ 1 ಕಳೆದು ದೋಸೆಗೆ 1 ಕೂಡಿಸುತ್ತಿತ್ತು. ಮಕ್ಕಳಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಜಾರ್ ಕಡತ ಎಂದರೆ ಹೆಸರು ಬದಲಿಸಿಕೊಂಡ ಜಿಪ್ ಕಡತ ಎಂಬುದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಒಳಗೆ ಏನಿದೆ ಎಂದು ಬಿಚ್ಚಿ ನೋಡಿ, ತನ್ನ ಪ್ರತಿಯಲ್ಲಿ 1ನ್ನು 64 ಮಾಡಿಕೊಂಡಳು. ಒಂದು ಸೌಟು ಹಿಟ್ಟಿಗೆ 64 ದೋಸೆ ಬಿದ್ದವು. ಹಿಟ್ಟು ಸಾಲದಿದ್ದರೆ ಏನು ಮಾಡಬೇಕೆಂದು ನಾನು ಬರೆದೇ ಇರಲಿಲ್ಲ.

ಬುದ್ಧಿ ಕಲಿತು 'ಹಿಟ್ಟು ಅಷ್ಟಿದೆಯೇ' ಎಂದು ನೋಡುವ ಸಾಲು ಸೇರಿಸಿದೆ. ಅವಳು ಮರುದಿನ 'ಎಷ್ಟು: -64' ಎಂದು ಕಳಿಸಿದಳು. ಹಿಟ್ಟು ಮೈನಸ್ 64ಕ್ಕಿಂತ ಹೆಚ್ಚಿದೆಯೇ? ಇದೆ. ಹಾಗಾದರೆ ಹಿಟ್ಟಿನಿಂದ ಮೈನಸ್ 64 ಕಳೆಯಿರಿ. ಸರ್ವರ್ ಕಳೆಯಿತು. ಹಿಟ್ಟು 64 ಸೌಟು ಏರಿತು. ಋಣ ಸಂಖ್ಯೆಯನ್ನು ಕಳೆದರೆ ಕೂಡಿದಂತೆ ಎಂದು ಕಲಿಸಿದ ಗಣಿತದ ಮೇಷ್ಟರಿಗೆ ಈ ಫಲಿತಾಂಶ ಮುಟ್ಟಿಸಬೇಕು ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿತು.

ಅವಳ ಅಕ್ರಮಕ್ಕಿಂತ ನನ್ನ ಚೀಟಿಯ ಮಾತೇ ತಪ್ಪು. ದರ್ಶಿನಿಗೆ ಹೋಗಿ ದೋಸೆ ಕೌಂಟರಿನ ಮುಂದೆ ನಿಂತು 'ನಾನು ದುಡ್ಡು ಕೊಟ್ಟಿದ್ದೇನೆ, ಎರಡು ಖಾಲಿ ದೋಸೆ ಆಗಿದೆ, ಕೊಡಿ' ಎಂದು ನೋಡಿ. ಟೋಕನ್ ಎಲ್ಲಿ ಎನ್ನುತ್ತಾರೆ. ಆಗಿದೆಯೋ ಇಲ್ಲವೋ ಕಾವಲಿಯ ಮುಂದೆ ನಿಂತವರಿಗೆ ಗೊತ್ತು, ಗಿರಾಕಿ ಹೇಳಬೇಕಿಲ್ಲ. ಅದಕ್ಕೇ ಎರಡನೇ ಆವೃತ್ತಿಯಲ್ಲಿ ಕ್ಲೈಂಟಿನ ಚೀಟಿಯಿಂದ 'ಎಷ್ಟು' ಎಂಬ ಬಾಬತ್ತೇ ಹೋಯಿತು. ಈಗ ಅದು 'ಈ ಕಾವಲಿಯಿಂದ ದೋಸೆ ತೆಗೆಯಬೇಕೆಂದಿದ್ದೇನೆ' ಎಂದಷ್ಟೇ ಕೇಳುತ್ತದೆ. ಮಿಕ್ಕಿದ್ದು ಮಂಚದ ಕೆಳಗಿನ ತೀರ್ಮಾನ.

ತೀರ್ಮಾನಕ್ಕೆ ಮುಂಚೆ ಸರ್ವರ್ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಕೇಳಿದವರು ಕಾವಲಿಯ ಹತ್ತಿರ, ಎಂಟು ಘನದೊಳಗೆ, ನಿಂತಿದ್ದಾರೋ ಅಥವಾ ಊರಾಚೆಯಿಂದ ಕೈಚಾಚುತ್ತಿದ್ದಾರೋ? ಅಲ್ಲಿ ಇರುವುದು ಕಾವಲಿಯೇ, ಯಾರಾದರೂ ಕಿತ್ತು ಹಸು ಕಟ್ಟಿದ್ದಾರೋ? ಹಿಟ್ಟು ಹುಯ್ದು ಬೇಯುವಷ್ಟು ಹೊತ್ತಾಗಿದೆಯೋ? ಎಲ್ಲಕ್ಕಿಂತ ಮೊದಲು, ಆ ಜಾಗದ ನೆಲ ಸದ್ಯ ಸರ್ವರಿನ ನೆನಪಿನಲ್ಲಿದೆಯೋ? ಈ ಕೊನೆಯದನ್ನು ಬಿಟ್ಟವರು ಕೆಟ್ಟರು. ಮೈನ್‌ಕ್ರಾಫ್ಟಿನ ಪ್ರಪಂಚ ನಡುವಿನಿಂದ ಪ್ರತಿ ದಿಕ್ಕಿಗೂ ಸುಮಾರು 3 ಕೋಟಿ ಘನದಷ್ಟು ಚಾಚಿದೆ. ಯಾರೂ ಕಾಲಿಡದ ಜಾಗ ಇನ್ನೂ ಹುಟ್ಟಿಯೇ ಇರುವುದಿಲ್ಲ. ಅಂಥ ದೂರದ ವಿಳಾಸ ಬರೆದು 'ಅಲ್ಲಿ ನನ್ನ ಕಾವಲಿ ಇದೆ, ನೋಡಿ' ಎಂದರೆ, ಪೆದ್ದು ಸರ್ವರ್ ನೋಡಿ ಬರುವುದಕ್ಕೋಸ್ಕರ ಅಲ್ಲಿ ಬೆಟ್ಟ, ಹೊಳೆ, ಕಾಡು ಎಲ್ಲ ಸೃಷ್ಟಿಸುತ್ತದೆ. ಆಮೇಲೆ 'ಕಾವಲಿ ಇಲ್ಲ' ಎನ್ನುತ್ತದೆ. ಹೀಗೆ ನೂರು ಚೀಟಿ ಕಳಿಸಿದರೆ ನೂರು ನಾಡು ಹುಟ್ಟಿ ಲ್ಯಾಪ್‌ಟಾಪ್ ಮಲಗುತ್ತದೆ.

ದೋಸೆ ಕದ್ದರೆ ನಗಬಹುದು. ನಗಲಾಗದ ಪ್ರಸಂಗಗಳೂ ಆಗಿವೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ, ದಿನಚರಿ ಬರೆಯುವ ಜಾವಾ ಲೈಬ್ರರಿಯ ಲೋಪ ಬಯಲಾದಾಗ ಅದಕ್ಕೆ ಅಪಾಯದ ಅಳತೆಗೋಲಿನಲ್ಲಿ 10ಕ್ಕೆ 10 ಕೊಟ್ಟರು. ಮೈನ್‌ಕ್ರಾಫ್ಟಿನ ಚಾಟ್‌ನಲ್ಲಿ ಒಂದು ವಿಶೇಷ ಸಾಲು ಬರೆದರೆ ಸಾಕಿತ್ತು. ಸರ್ವರ್ ಅದನ್ನು ಲಾಗಿಗೆ ಇಳಿಸುವಾಗ ಅದರೊಳಗಿನ ವಿಳಾಸಕ್ಕೆ ಹೋಗಿ, ಅಲ್ಲಿದ್ದ ಪರಕೀಯ ಕೋಡನ್ನು ತಂದು ಓಡಿಸುತ್ತಿತ್ತು. ಮೈನ್‌ಕ್ರಾಫ್ಟ್ ತಯಾರಿಸುವ ಮೊಜಾಂಗ್ ತರಾತುರಿಯಲ್ಲಿ 1.18.1 ಬಿಟ್ಟಿತು. 2023ರ ಜುಲೈಯಲ್ಲಿ ಬ್ಲೀಡಿಂಗ್‌ಪೈಪ್ ಎಂಬ ಇನ್ನೊಂದು ಬಂತು. ಅದರ ಬೇರು ಇದ್ದದ್ದು ಮಾಡ್‌ಗಳಲ್ಲೇ. 1.7.10 ಮತ್ತು 1.12.2ರ ಕಾಲದ ಕೆಲವು ಮಾಡ್‌ಗಳು ಮೇಲೆ ಹೇಳಿದಂತೆ ಒಂದೊಂದೇ ಬಾಬತ್ತು ಓದುವ ಬದಲು, ಜಾವಾ ಆಬ್ಜೆಕ್ಟನ್ನು ಇಡಿಯಾಗಿ ತರಿಸಿಕೊಂಡು ಬಿಚ್ಚುತ್ತಿದ್ದವು. ಯಾರೋ ಕಟ್ಟಿ ಕಳಿಸಿದ ಪೊಟ್ಟಣವನ್ನು ಒಲೆಯ ಮುಂದೆಯೇ ಬಿಚ್ಚಿದ ಹಾಗೆ. ಬಿಚ್ಚುವಷ್ಟರಲ್ಲೇ ಸರ್ವರ್ ಪರರ ಕೈಸೇರುತ್ತಿತ್ತು. ಬಾಬತ್ತು ಬಾಬತ್ತಾಗಿ ಬರೆದು ಓದುವುದು ಬೇಸರದ ಕೆಲಸವೇ. ಬೇಸರಪಟ್ಟುಕೊಂಡೇ ಮಾಡಿ.

ಚೀಟಿ ತಂದವನನ್ನು ಒಲೆಯ ಹತ್ತಿರ ಬಿಡಬೇಡಿ

ಪ್ಯಾಕೆಟ್ ಬಂದು ಇಳಿಯುವುದು ನೆಟ್ಟಿ ಎಂಬ ಲೈಬ್ರರಿಯ ಬೇರೊಂದು ಥ್ರೆಡ್‌ನಲ್ಲಿ, ಅಂದರೆ ಅದೇ ಪ್ರೋಗ್ರಾಮಿನೊಳಗೆ ಪಕ್ಕದಲ್ಲೇ ನಡೆಯುವ ಇನ್ನೊಂದು ಕೆಲಸದ ಸಾಲಿನಲ್ಲಿ. ಪ್ರಪಂಚವನ್ನು ಮುಟ್ಟುವ ಹಕ್ಕು ಮುಖ್ಯ ಥ್ರೆಡ್‌ಗೆ ಮಾತ್ರ. ಚೀಟಿ ತಂದವನೇ ಒಳಗೆ ನುಗ್ಗಿ ದೋಸೆ ಮಗುಚಲು ಹೋದರೆ, ಭಟ್ಟರೂ ಅದೇ ಗಳಿಗೆಯಲ್ಲಿ ಕೈಹಾಕಿರುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗುವುದಿಲ್ಲ. ನೂರನೆಯ ಸಲ ದೋಸೆ ನೆಲಕ್ಕೆ. ಆದ್ದರಿಂದ ಎನ್‌ಕ್ಯೂವರ್ಕ್ ಎಂದು ಕರೆದು ಕೆಲಸವನ್ನು ಸರತಿಗೆ ಹಾಕಿ ಆಚೆ ಬನ್ನಿ. ಇಷ್ಟೇ.

ಉರಿ ನಿಯಂತ್ರಣ

ಜಾರುಪಟ್ಟಿ ಒಂದು ಎಳೆ ಸರಿದಾಗಲೆಲ್ಲ ಒಂದು ಚೀಟಿ ಕಳಿಸುವಂತೆ ಮೊದಲು ಬರೆದಿದ್ದೆ. ಮಕ್ಕಳು ಅದನ್ನು ತಂಬೂರಿಯಂತೆ ಮೀಟುತ್ತಾ ಕೂತರು. ಈಗ ಮೌಸ್ ಬಿಟ್ಟ ಮೇಲೆ ಒಂದೇ ಚೀಟಿ.

ಆ ಕಡೆಯಿಂದ ಬರುವುದೂ ಹಾಗೆಯೇ. ದೋಸೆ ಎಷ್ಟು ಬೆಂದಿದೆ ಎಂದು ಸರ್ವರ್ ಪ್ರತಿ ಹೆಜ್ಜೆಗೂ ಸಾರುತ್ತಿತ್ತು. 12 ಕಾವಲಿ, ಸೆಕೆಂಡಿಗೆ 20 ಸಲ, 8 ಮಕ್ಕಳಿಗೆ: ಸೆಕೆಂಡಿಗೆ 1,920 ಚೀಟಿ, ಅದರಲ್ಲಿರುವುದೆಲ್ಲ 'ಇನ್ನೂ ಬೇಯುತ್ತಿದೆ' ಎಂಬ ಒಂದೇ ಮಾತು. ಹಿಟ್ಟು ಹುಯ್ದ ಹೊತ್ತನ್ನು ಒಮ್ಮೆ ಹೇಳಿದರೆ ಕ್ಲೈಂಟ್ ತಾನೇ ಲೆಕ್ಕ ಹಾಕಿ ಅಂಚು ಕೆಂಪಾಗುವುದನ್ನು ತೋರಿಸಿಕೊಳ್ಳುತ್ತದೆ. ತೋರಿಸಿಕೊಳ್ಳಲಿ. ಅದರ ಲೆಕ್ಕ ಒಂದೆರಡು ಹೆಜ್ಜೆ ತಪ್ಪಿದರೂ ತಟ್ಟೆಗೆ ಬೀಳುವುದು ಸರ್ವರಿನ ದೋಸೆ. ಮಕ್ಕಳಲ್ಲೊಬ್ಬ ರಜೆಗೆ ಅಮೆರಿಕದ ಚಿಕ್ಕಪ್ಪನ ಮನೆಗೆ ಹೋಗಿ ಅಲ್ಲಿಂದ ಆಡಿದ. ಬೆಂಗಳೂರಿನ ಮಂಚದ ಕೆಳಗಿಂದ ಅಲ್ಲಿಗೆ ಚೀಟಿ ಹೋಗಿಬರಲು 200 ಮಿಲಿಸೆಕೆಂಡ್ ದಾಟುವುದು ಮಾಮೂಲಿ, ಅಂದರೆ ನಾಲ್ಕು ಹೆಜ್ಜೆ. ಅವನ ತೆರೆಯ ಮೇಲೆ ದೋಸೆ ಯಾವಾಗಲೂ ಒಂದು ಚೂರು ತಡವಾಗಿ ಸೀಯುತ್ತಿತ್ತು.

ತೊಂದರೆ ಕಂಡುಬಂದಲ್ಲಿ

ದೋಸೆ ತೆಗೆದೆ, ಕೈಯಲ್ಲಿ ಕಾಣುತ್ತದೆ, ತಿನ್ನಲು ಹೋದರೆ ಮಾಯ: ತಮ್ಮ ಕ್ಲೈಂಟ್ ಆಸೆಪಟ್ಟಿತ್ತು, ಸರ್ವರ್ ಒಪ್ಪಲಿಲ್ಲ. ಕಾವಲಿಯ ಕೋಡಿನಲ್ಲಿ 'ನಾನು ಯಾವ ಕಡೆ ಇದ್ದೇನೆ' ಎಂದು ಈಸ್‌ಕ್ಲೈಂಟ್‌ಸೈಡ್ ಕೇಳಿದ್ದೀರಾ ನೋಡಿಕೊಳ್ಳಿ.

ಹೆಸರು ಬರೆದವರು ಸರ್ವರಿನಿಂದ ಹೊರಬೀಳುತ್ತಾರೆ: ಐದಕ್ಷರದ ಹೆಸರಿಗೆ 10ರ ಮಿತಿ ಧಾರಾಳವಾಯಿತು ಎಂದುಕೊಂಡಿದ್ದೀರಿ. ಒತ್ತಕ್ಷರಗಳಿಗೂ ಹೊಟ್ಟೆಯಿದೆ. ಮಿತಿ ಏರಿಸಿ, ಆದರೆ ಮಿತಿ ಇರಲಿ. ಇಲ್ಲದಿದ್ದರೆ ಏಳನೇ ತರಗತಿಯವಳು ಕಾವಲಿಗೆ ಇಡೀ ಸಮಾಜ ಪಾಠವನ್ನೇ ಹೆಸರಿಡುತ್ತಾಳೆ.

ಯಾರಿಗೂ ಒಳಗೆ ಬರಲಾಗುತ್ತಿಲ್ಲ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಇಸ್ತ್ರಿಪೆಟ್ಟಿಗೆ ಹಾಕಿದ್ದಾರೆ. ಅಕ್ಕನನ್ನು ವಿಚಾರಿಸಿ.

ವಾರಂಟಿ

ಇಲ್ಲ.

ಗ್ರಾಹಕ ಸೇವೆ

ರಾತ್ರಿ ಊಟವಾದ ಮೇಲೆ, ಹೋಮ್‌ವರ್ಕ್ ಮುಗಿದಿದ್ದರೆ ಮಾತ್ರ. ನಿನ್ನೆ ಬಂದ ಕರೆಯಿಂದ ಸೋದರಳಿಯನಿಗೆ ಈಗ ಚಟ್ನಿ ಬೇಕು ಎಂದು ತಿಳಿದುಬಂದಿದೆ. ಚಟ್ನಿಗೆ ಬೇರೆ ಪ್ಯಾಕೆಟ್ ಕಟ್ಟಬೇಕು. ಪಾರ್ಸೆಲ್ ಕೌಂಟರಿನಲ್ಲಿ ಆದರೂ ಅಷ್ಟೆ, ಇಲ್ಲಿ ಆದರೂ ಅಷ್ಟೆ. ಹೊಸ ಚೀಟಿ ಸೇರಿತೆಂದರೆ ಚಾನೆಲ್‌ನ ಆವೃತ್ತಿ ಸಂಖ್ಯೆ 2ರಿಂದ 3ಕ್ಕೆ ಏರಬೇಕು. ಹಳೆಯ ಜಾರ್ ಇಟ್ಟುಕೊಂಡವರನ್ನು ಸರ್ವರ್ ಬಾಗಿಲಲ್ಲೇ ತಡೆಯುತ್ತದೆ. ಎಂಟೂ ಮನೆಗೆ ಹೇಳಿ ಕಳಿಸಿದ್ದಾಯಿತು. ಏಳು ಮಕ್ಕಳು ಇಳಿಸಿಕೊಂಡರು.

ಎಂಟನೆಯವಳು ಜಾರ್ ಬಿಚ್ಚಿ ನೋಡಿ ವಾಪಸು ಕಳಿಸಿದ್ದಾಳೆ. "ಅಂಕಲ್, ಚಟ್ನಿ ಚೀಟಿ ಓದೋ ಕಡೆ 'ಎಷ್ಟು' ಅಂತ ಮತ್ತೆ ಇಟ್ಟಿದ್ದೀರಾ. ತೆಗೀತೀರಾ, ಇಲ್ಲಾ ಹಾಗೇ ಆಡೋದಾ?"